ಪಟ್ಟಿಯಲ್ಲಿಲ್ಲದ ಹೆಸರಿನವರು

ಜನರನ್ನು ಎಣಿಸಲು ಹೋದವರು ಬೈಸಿಕೊಳ್ಳದೆ ವಾಪಸು ಬಂದದ್ದನ್ನು ನಾನಂತೂ ನೋಡಿಲ್ಲ. ಚಿಕ್ಕೋಡಿ ತಾಲ್ಲೂಕಿನಲ್ಲಿ ಟೀಚರಾಗಿದ್ದಾಗ ತೊಂಬತ್ತೊಂದರ ಜನಗಣತಿ ನನ್ನ ಹೆಗಲಿಗೆ ಬಿತ್ತು. ಪಂಗಡ ಯಾವುದು ಅಂತ ಒಂದು ಕಾಲಂ ಇತ್ತಲ್ಲ, ನನ್ನ ಫಜೀತಿಯೆಲ್ಲ ಅಲ್ಲೇ.

ಇತರೆ

ಕಬ್ಬೂರಿನಲ್ಲಿ ಕುರಿ ಸಾಕುವವರೊಬ್ಬರು ತಮ್ಮ ಪಂಗಡದ ಹೆಸರು ಹೇಳಿದರು. ಸರ್ಕಾರ ಕೊಟ್ಟ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಹುಡುಕಿದೆ. ಇಲ್ಲ.

"'ಇತರೆ' ಅಂತ ಬರೆದುಕೊಳ್ತೀನಿ," ಅಂದೆ.

"ಇತರೆ ಅಂದ್ರ ಯಾರ್ರಿ?"

"ನೀವೇ."

"ನಮ್ಮ ಮಂದ್ಯಾಗ ಆ ಹೆಸರಿನವ್ರು ಯಾರೂ ಇಲ್ರಿ ಅಕ್ಕೋರ. ನನ್ನ ಕುರಿಗೋಳಿಗೆ ಸೈತ ಒಂದೊಂದು ಹೆಸರೈತಿ. ಯಾವ ಕುರೀನೂ ನಾ ಇತರೆ ಅಂತ ಕರದಿಲ್ಲ."

ಹೇಳಿದ ಹೆಸರನ್ನೇ ಬರೆಯುವ ತನಕ ಬಾಗಿಲಿಗೆ ಅಡ್ಡ ನಿಂತರು. ಕಾಲಂನಲ್ಲಿ ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಬರೆದೆ. ಹೊರಗೆ ಬಂದರೆ ಓಣಿಯವರೆಲ್ಲ ಸಾಲಾಗಿ ನಿಂತಿದ್ದಾರೆ!

"ನಮ್ಮನ್ನೂ ಅಂಚಿನ್ಯಾಗ ಬರೀರಿ!"

ಊರಾಗ ಹೆಂಗ ಇರ್ತಾರ?

ಚಿಕ್ಕೋಡಿಯಲ್ಲಿ ಮೇಲ್ವಿಚಾರಕರು ಹಾಳೆ ನೋಡಿ ಕೆಂಡವಾದರು. "ಅಳಸ್ರಿ ಇದನ್ನ! ಪಟ್ಟಿಯೊಳಗ ಇಲ್ಲದ ಮಂದಿ ಊರಾಗ ಹೆಂಗ ಇರ್ತಾರ್ರಿ?"

"ಇದ್ದಾರೆ ಸಾರ್. ಬಾಗಿಲಲ್ಲೇ ನಿಂತಿದ್ದಾರೆ."

ನನ್ನ ಹಿಂದೆಯೇ ಬಸ್ಸು ಹತ್ತಿ ಬಂದಿದ್ದ ಕುರಿಯವರು ಕೈಮುಗಿದರು. "ನಮಸ್ಕಾರ್ರಿ ಸಾಹೇಬ್ರ. ಯಾರರ ಅಳಸ್ತಾರೇನು ಅಂತ ನೋಡಾಕ ಬಂದೀನ್ರಿ."

ಸಾಹೇಬರು ಕೈಯಲ್ಲಿದ್ದ ರಬ್ಬರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಹೊಳೆದಂಡೆಯ ಅಜ್ಜಿ

ಆ ಸಿಟ್ಟಿಗೋ ಏನೋ, ಮರುದಿನ ನನ್ನನ್ನು ಯಡೂರಿಗೆ ಹಾಕಿದರು. ಕೃಷ್ಣೆಯ ದಂಡೆಯಲ್ಲಿ ಮೀನು ಹಿಡಿಯುವವರ ಮನೆ. ಬಲೆ ಹೆಣೆಯುತ್ತಿದ್ದ ಅಜ್ಜಿಯನ್ನು, ಫಾರಂನಲ್ಲಿ ಇದ್ದಂತೆಯೇ ಕೇಳಿದೆ: "ನೀವು ಎಲ್ಲಿಂದ ಬಂದಿರಿ?"

ಅಜ್ಜಿ ಬಲೆ ಕೆಳಗಿಟ್ಟಳು. "ನಾವೆಲ್ಲಿಂದ ಬರೂಣು? ನಮ್ಮ ಮುತ್ತ್ಯಾನ ಮುತ್ತ್ಯಾನೂ ಇಲ್ಲೇ ಇದ್ದ. ಬಂದಾಕಿ ನೀನು. ಕೂಡು. ಯಾವೂರು?"

"ತುಮಕೂರು."

"ಎಷ್ಟ ವರ್ಷಾತು ಬಂದು?"

"ನಾಲ್ಕು."

"ಯಾವ ಮಂದಿ?"

ಹೇಳಿದೆ.

"ಕೇಳಿಲ್ಲಬೇ ಈ ಹೆಸರು. ಮನ್ಯಾಗ ಏನ ಮಾತಾಡ್ತಿ?"

"ಕನ್ನಡ."

"ಇದು ಕನ್ನಡ?" ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಬಾಯಿಗೆ ಸೆರಗು ಹಿಡಿದಳು. ನಾನು ಪೆನ್ಸಿಲ್ಲು ಹಿಡಿದುಕೊಂಡು ಪರೀಕ್ಷೆಯಲ್ಲಿ ಫೇಲಾದವಳಂತೆ ಕೂತೆ.

ಅಜ್ಜಿಗೆ ಕನಿಕರ ಬಂತು. ನನ್ನ ತಲೆ ಸವರಿ ಅಂದಳು:

"ಅಂಜಬ್ಯಾಡ ಯವ್ವಾ. ಬಂದದ್ದು ಬಂದಿ, ಇಲ್ಲೇ ಇದ್ದಬಿಡು. ಹೊರಗಿನಾಕಿ ಅಂತ ನಾವೇನು ನಿನ್ನ ಹೊಳಿಗೆ ನೂಕೂದಿಲ್ಲ."