ಇಳಕಲ್ಲಿನಲ್ಲಿ ನೀಲವ್ವನ ಚಳಿಗಾಲ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಇಳಕಲ್ಲಿನ ಕಾಗೆಗಳೂ ನೆರಳು ಹುಡುಕುತ್ತಿದ್ದ ಹೊತ್ತಿನಲ್ಲಿ, ನನ್ನ ತಮ್ಮ ಮುರಿಗೆಪ್ಪ ನಮ್ಮ ಪಡಸಾಲೆಯಲ್ಲಿ ಚಳಿಗಾಲವನ್ನು ಉದ್ಘಾಟಿಸಿದ!

ಮಗ್ಗದ ರಿಪೇರಿ ಅವನ ಕಸುಬು. ಹಾಗಾಗಿ ಅವನು ಏನು ಕಂಡುಹಿಡಿದರೂ ಅದು ಅರ್ಧ ಮಗ್ಗದಂತೆಯೇ ಕಾಣುತ್ತದೆ. ಈ ಯಂತ್ರಕ್ಕೂ ಮಗ್ಗದ ಕಾಲು, ಹಳೆಯ ಕೂಲರಿನ ಹೊಟ್ಟೆ, ಹಿತ್ತಲಿಗೆ ಹೋಗುವ ಒಂದು ಕೊಳವೆ, ಮುಂದೆ ತಂತಿಗೆ ಕಟ್ಟಿದ ಸೂಜಿ.

"ಇದು ಫ್ರಿಜ್ ಅಲ್ಲಕ್ಕ," ಎಂದ. "ಫ್ರಿಜ್ ತಂಪು ಮಾಡ್ತೈತಿ. ಇದು ಚಳಿಗಾಲ ಮಾಡ್ತೈತಿ."

"ಎರಡಕ್ಕೂ ಏನಪಾ ಫರಕು?"

"ಎಷ್ಟು ಚಳಿ ಬೇಕು ಅಂತ ಇದು ಸಸೀನ್ನ ಕೇಳ್ತೈತಿ."

ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು. ತಪ್ಪು ಉತ್ತರ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಆದರೂ ಸುಮ್ಮನಿದ್ದೆ, ಯಾಕೆಂದರೆ ಪಕ್ಕದಲ್ಲಿ ತಮ್ಮನ ಹೆಂಡತಿ ದಾಕ್ಷಾಯಿಣಿ ಕುಂಡವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ಕುಂಡದಲ್ಲಿದ್ದದ್ದು ಜೆನ್ಷಿಯನ್ ಎಂಬ ಗುಡ್ಡದ ಸಸಿ. ಹಿಮಾಚಲದ ಪ್ರವಾಸದಿಂದ ತಂದು ಅದಕ್ಕೆ ನೀಲವ್ವ ಎಂದು ಹೆಸರಿಟ್ಟಿದ್ದಳು. ನಾಲ್ಕು ತಿಂಗಳು ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ನೀಲಿ ಹೂ ಬಿಡುತ್ತದೆ, ಮೂರು ವರ್ಷ ಮಲಗಲು ಬಿಡದಿದ್ದರೆ ಸತ್ತೇಹೋಗುತ್ತದೆ ಎಂದು ಅಲ್ಲಿನ ಮಾಲಿ ಹೇಳಿ ಕಳಿಸಿದ್ದನಂತೆ. ಇದು ಮೂರನೆಯ ವರ್ಷ. ಅರ್ಧದಷ್ಟು ಎಲೆಗಳು ಹಳದಿಯಾಗಿದ್ದವು. ಹಡೆದ ಮಗಳಿಗೆ ಜ್ವರ ಬಂದಂತೆ ದಾಕ್ಷಾಯಿಣಿ ಎರಡು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಅದನ್ನು ನೋಡಿ ನನಗೂ ಸಂಕಟವಾಗುತ್ತಿತ್ತು.

ಮುರಿಗೆಪ್ಪ ಸೂಜಿಯನ್ನು ಮಣ್ಣಿಗೆ ಚುಚ್ಚಿದ. "ಬೇರಿನ ಹತ್ರ ನೀರು ಸರಿದಾಡೋದು ನಿಂತ್ರ ಸಸಿ ಮಲಗೇತಿ ಅಂತ ಅರ್ಥ. ಆಮ್ಯಾಲ ಎಂಟ ದಿನದಾಗ ನಾಕ್ ತಿಂಗಳ ಚಳಿ ಉಣಿಸ್ತೈತಿ. ಎಚ್ಚರ ಇದ್ರ ಚಳಿ ಏರಸ್ತೈತಿ. ಸಸಿಗೆ ಯಾವುದು ಕೇಡು ಅನ್ನೋದನ್ನೂ ತಾನ ಕಲೀತೈತಿ. ಭಾಳ ಶಾಣ್ಯಾ ಯಂತ್ರ."

"ನಿನಗಿಂತಾ?" ಎಂದು ಕೇಳಿದೆ. ಅವನು ಸ್ವಿಚ್ ಒತ್ತಿದ.

ಮರುದಿನ ಐದು ಗಂಟೆಗೆ ಎದ್ದು, ಸ್ನಾನ ಮಾಡಿ, ಎಂದಿನಂತೆ ಮನೆಯ ಎಲ್ಲ ಗಿಡಗಳಿಗೂ ಒಂದೊಂದು ತಂಬಿಗೆ ನೀರು ಹಾಕಿದೆ. ಮೈ ತೊಳೆದವಳು ಗಿಡಕ್ಕೆ ನೀರು ಹಾಕದೆ ಚಹಾ ಕುಡಿಯುವುದು ನಮ್ಮಲ್ಲಿಲ್ಲ. ಪಡಸಾಲೆಯಲ್ಲಿ ಹಿತವಾದ ತಂಪಿತ್ತು. ತಮ್ಮ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ. "ಯಾಕೋ ಇನ್ನೂ ಎಚ್ಚರ ಐತಿ."

ಎರಡನೆಯ ದಿನ ಗೋಡೆಯ ಮೇಲೆ ಇಬ್ಬನಿ ಗಡ್ಡೆಗಟ್ಟಿತು. ಯಂತ್ರ ಹೀರಿದ ಕಾವೆಲ್ಲ ಕೊಳವೆಯಲ್ಲಿ ಹಿತ್ತಲಿಗೆ ಬಂದು, ಅಲ್ಲಿ ಹರವಿದ್ದ ಸಂಡಿಗೆ ಐದು ನಿಮಿಷದಲ್ಲಿ ಒಣಗಿತು, ಆರನೆಯ ನಿಮಿಷಕ್ಕೆ ಹುರಿದೂ ಬಿಟ್ಟಿತು! ಸುದ್ದಿ ಹಬ್ಬಿತು. ಪಕ್ಕದ ಮನೆಯ ರಾಚವ್ವ ಒಂದು ಮೊರ ಸಂಡಿಗೆಯನ್ನು ಹಿತ್ತಲಲ್ಲಿಟ್ಟು, ಒಂದು ಗಡಿಗೆ ಮೊಸರನ್ನು ಪಡಸಾಲೆಯಲ್ಲಿಟ್ಟು, ನಡುಮನೆಯಲ್ಲಿ ತಾನೂ ಕೂತಳು.

ಮೂರನೆಯ ದಿನ ಪಡಸಾಲೆಯಲ್ಲಿ ಹಿಮ ಬಿತ್ತು. ಓಣಿಯವರೆಲ್ಲ ಕೌದಿ ಹೊದ್ದು ನೋಡಲು ಬಂದರು. ಹೊರಗೆ ಹೋದವರು ಕೌದಿ ತೆಗೆದು ಬೆವರೊರೆಸಿಕೊಂಡು ಮತ್ತೆ ಸಾಲಿಗೆ ನಿಂತರು. ಹಿಮದಲ್ಲಿ ಮುಳುಗಿದ ನೀಲವ್ವನನ್ನು ಕಂಡು ಇವಳಿಗೆಷ್ಟು ಚಳಿಯೋ ಎಂದುಕೊಂಡೆ. ಅಂದಿನಿಂದ ಅವಳ ತಂಬಿಗೆಯ ನೀರನ್ನು ಬೆಚ್ಚಗೆ ಕಾಯಿಸಿ ಹಾಕತೊಡಗಿದೆ.

ಯಂತ್ರಕ್ಕೆ ಹುಚ್ಚು ಹಿಡಿದದ್ದು ಆಮೇಲೆಯೇ. ನಾಲ್ಕನೆಯ ದಿನ ಹಿಮ ಹೊಸ್ತಿಲು ದಾಟಿ ಓಣಿಗಿಳಿಯಿತು. ರಾಚವ್ವನ ಮೊಸರನ್ನು ಸುತ್ತಿಗೆಯಿಂದ ಒಡೆಯಬೇಕಾಯಿತು. ಮಗ್ಗಗಳ ಸದ್ದು ನಿಂತಿತು, ಏಕೆಂದರೆ ನೇಕಾರರ ಕೈ ಸೆಟೆದಿದ್ದವು.

"ಬಂದ್ ಮಾಡ್ರಿ ಅದನ್ನ!" ಎಂದು ದಾಕ್ಷಾಯಿಣಿ ಗಂಡನ ಮೇಲೆ ಹರಿಹಾಯ್ದಳು.

"ಮಲಗೂಮಟ ಬಂದ್ ಆಗಂಗಿಲ್ಲ. ಹಂಗ ಮಾಡೇನಿ."

"ಯಾವ ಶಾಣ್ಯಾ ಮಾಡ್ತಾನ್ರಿ ಹಂಗ?"

ಆಕೆ ಹಿಮ ತೋಡಿ ಕುಂಡವನ್ನು ಹೊರತೆಗೆದಳು. ಸಸಿಯ ಕುತ್ತಿಗೆಯ ಸುತ್ತ, ಕಾಂಡ ಮಣ್ಣು ಸೇರುವಲ್ಲಿ, ನೀರು ನಿಂತು, ಮೇಲೆ ಗಾಜಿನಂತೆ ಗಟ್ಟಿಯಾಗಿತ್ತು. ಅವಳ ಕಣ್ಣು ತುಂಬಿತು. "ಹಿಮ ಇದಕ್ಕ ಕೌದಿ ಇದ್ದಂಗ. ಎಂಥಾ ಚಳೀನೂ ತಡೀತೈತಿ. ಚಳಿಗಾಲದಾಗ ಕುತಿಗಿಗೆ ನೀರ್ ನಿಂತ್ರ ಮಾತ್ರ ಕೊಳೆತು ಸಾಯ್ತೈತಿ. ಯಾರ್ ಹಾಕ್ಯಾರ ನೀರು?"

ಮುರಿಗೆಪ್ಪ ಯಂತ್ರ ನೋಡಿದ. ರಾಚವ್ವ ಮೊಸರು ನೋಡಿದಳು. ನನ್ನ ಕೈಯಲ್ಲಿ ತಂಬಿಗೆ ಇತ್ತು, ಅದರಿಂದ ಹಬೆ ಏಳುತ್ತಿತ್ತು.

"ಬೆಚ್ಚಗ ಮಾಡೇ ಹಾಕೇನಿ," ಎಂದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಉತ್ತರ ತಪ್ಪಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ದಾಕ್ಷಾಯಿಣಿ ಬೈಯಲಿಲ್ಲ. "ಅಕ್ಕಾರ, ಹೊರಗಿನ ಗರಸು ತರ್ರಿ," ಎಂದಳಷ್ಟೆ. ಇಬ್ಬರೂ ಕೂತು ಮಂಜುಗಡ್ಡೆಯನ್ನು ಚೂರು ಚೂರಾಗಿ ಬಿಡಿಸಿ, ಕುಂಡ ಓರೆ ಮಾಡಿ ನೀರು ಬಸಿದೆವು. ಕುತ್ತಿಗೆಯ ಸುತ್ತ ನೀರು ನಿಲ್ಲದಂತೆ ಆ ಗರಸುಕಲ್ಲಿನ ಚೂರು ಹಾಸಿ, ಮೇಲೆ ಒಣ ಹಿಮವನ್ನು ಹೊದಿಸಿದೆವು. ಬೇರಿನ ಹತ್ತಿರ ನನ್ನ ನೀರು ಸರಿದಾಡುವುದು ನಿಂತದ್ದೇ ತಡ, ಸಸಿ ಮಲಗಿತೆಂದು ಯಂತ್ರ ಒಮ್ಮೆ ಆಕಳಿಸಿದಂತೆ ಸದ್ದು ಮಾಡಿ ಹದವಾದ ಚಳಿಗೆ ಇಳಿಯಿತು. ಓಣಿಯ ಹಿಮ ಅಂದು ಸಂಜೆಯೇ ಕರಗಿತು.

ಎಂಟು ದಿನ ನಾನು ಆ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ದಾಕ್ಷಾಯಿಣಿ ಕೈ ಹಿಡಿದು ಎಳೆದುಕೊಂಡು ಹೋದಳು. ಗರಸಿನ ನಡುವೆ ಹೊಸ ಹಸಿರು ಎಲೆ, ಅದರ ಮೇಲೆ ಇಳಕಲ್ಲಿನ ಯಾವ ಸೀರೆಯಲ್ಲೂ ನಾನು ಕಾಣದ ನೀಲಿಯ ಮೂರು ಹೂ. ಆಕೆ ಅತ್ತಳು, ನಾನೂ ಅತ್ತೆ, ಮುರಿಗೆಪ್ಪ ಎಲ್ಲರಿಗೂ ಯಂತ್ರ ತೋರಿಸಿದ.

ಚಳಿಗಾಲ ಮುಗಿಯಿತು, ಹೂವಿಗೆ ಈಗ ನೀರು ಬೇಕು ಎಂದು ದಾಕ್ಷಾಯಿಣಿಯೇ ಒಪ್ಪಿಗೆ ಕೊಟ್ಟಳು. ಆದರೆ ಯಂತ್ರ ಕಲಿಯಬೇಕಾದ್ದನ್ನು ಕಲಿತಾಗಿತ್ತು. ಸಸಿಗೆ ಕೇಡು ಯಾವುದೆಂದರೆ, ನಾನು! ದಾಕ್ಷಾಯಿಣಿ ನೀರು ಹಾಕಿದರೆ ಯಂತ್ರ ಸುಮ್ಮನಿರುತ್ತದೆ. ನಾನು ಪಡಸಾಲೆಗೆ ಕಾಲಿಟ್ಟರೆ ಸಾಕು, ನನ್ನ ತಂಬಿಗೆಯ ನೀರು ಅಲ್ಲೇ ಕಲ್ಲಾಗುತ್ತದೆ. ಯಂತ್ರಕ್ಕೆ ಆ ಪಾಠ ಮರೆಸುವುದು ಹೇಗೆಂದು ತಮ್ಮನಿಗೆ ಇನ್ನೂ ಹೊಳೆದಿಲ್ಲ, ಪಾಪ, ದಿನವೂ ನನ್ನ ಕ್ಷಮೆ ಕೇಳುತ್ತಾನೆ.

ನಾನು ಆ ಗಡ್ಡೆಯನ್ನು ತಂಬಿಗೆಯಿಂದ ಕುಟ್ಟಿ ತೆಗೆದು ಮಜ್ಜಿಗೆಗೆ ಹಾಕಿಕೊಳ್ಳುತ್ತೇನೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಅವಸರವೇನಿಲ್ಲ, ಮಳೆಗಾಲದ ಹೊತ್ತಿಗೆ ರಿಪೇರಿಯಾದರೆ ಸಾಕು ಎಂದು ಅವನಿಗೆ ಹೇಳಿದ್ದೇನೆ.