ಮಾವನ ಹೊಟ್ಟೆಗೆ ಒತ್ತುವರಿ ನೋಟಿಸು

ತಮ್ಮ ಹೊಟ್ಟೆಗೆ ತಾವೇ ಒತ್ತುವರಿ ನೋಟಿಸು ಕೊಟ್ಟ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ನರಸೀಪುರದ ತಮ್ಮ ಮನೆಯ ಪಡಸಾಲೆಯಲ್ಲಿ ಬನಿಯನ್ ಎತ್ತಿ ಹಿಡಿದು ನಿಂತು, ಅಳತೆ ಟೇಪಿನ ಒಂದು ತುದಿಯನ್ನು ಅತ್ತೆಯ ಕೈಗೆ, ಇನ್ನೊಂದನ್ನು ನಂಜನಗೂಡಿನಿಂದ ನೋಡಲು ಬಂದಿದ್ದ ನನ್ನ ಕೈಗೆ ಕೊಟ್ಟು, ನಡುವೆ ತಾವು ಸೀಮೆಸುಣ್ಣದಿಂದ ಹೊಟ್ಟೆಯ ಮೇಲೆ ಒಂದು ಗೆರೆ ಎಳೆದುಕೊಂಡರು.

"ಈ ಗೀಟಿನಿಂದ ಒಳಿಕ್ಕಿರೋದು ನಂದು. ಆಚ್ಗಿರೋದೆಲ್ಲ ಒತ್ತುವರಿ ಕನಮ್ಮಿ. ಗೌರಿ ಅಬ್ಬ ಬರೋದ್ರೊಳಗೆ ತೆರವಾಗ್ಬೇಕು."

"ಆಗದಿದ್ರೆ ಮಾವ?" ಎಂದೆ.

"ಆಗ್ದಿದ್ರೆ ಡಾಕ್ಟ್ರು ನನ್ನನ್ನೇ ತೆರವು ಮಾಡ್ತಾರಂತೆ."

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಟೇಪಿನ ತುದಿಯನ್ನು ಕೈಬಿಟ್ಟು ಅಡುಗೆಮನೆಗೆ ಹೋದರು.

ಮಾವ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳ ಹೊಲ ಗದ್ದೆಗಳ ಅಂಗುಲ ಅಂಗುಲವೂ ಅವರಿಗೆ ಗೊತ್ತು. ಎಲ್ಲಿ ಯಾರ ಮನೆಯ ಸಾರು ಹೇಗಿರುತ್ತದೆ ಎನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತು. ಲಂಚ ಮುಟ್ಟಿದವರಲ್ಲ, ಊಟ ಬಿಟ್ಟವರೂ ಅಲ್ಲ! ಹೆಮ್ಮರಗಾಲದಲ್ಲಿ ಬದು ಅಳೆದರೆ ಬಾಡೂಟ, ಹೆಡತಲೆಯಲ್ಲಿ ಗಡಿಕಲ್ಲು ನೆಟ್ಟರೆ ಒಬ್ಬಟ್ಟು. ಅಳತೆಯಲ್ಲಿ ಗೆದ್ದವನು ಖುಷಿಯಿಂದ ಕರೆದನೆಂದು ಅವನ ಮನೆಯಲ್ಲಿ ಉಂಡು, ಸೋತವನಿಗೆ ಬೇಜಾರಾಗಬಾರದೆಂದು ಅವನ ಮನೆಯಲ್ಲೂ ಉಂಡು ಬರುತ್ತಿದ್ದರು. ಇಷ್ಟು ನಿಷ್ಪಕ್ಷಪಾತಿಯಾದ ನೌಕರನಿಗೆ ಹೊಟ್ಟೆ ಬರದೆ ಇನ್ನೇನು ಬರುತ್ತದೆ ಹೇಳಿ?

ಬಂದಿದ್ದು ಎದೆನೋವು. ಯುಗಾದಿ ಕಳೆದ ಸ್ವಲ್ಪ ದಿನಕ್ಕೇ ಮೈಸೂರಿನ ಆಸ್ಪತ್ರೆಗೆ ಸೇರಿಸಿ, ಸ್ಟೆಂಟು ಹಾಕಿಸಿ, ಕರೆದುಕೊಂಡು ಬಂದೆವು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಮಾವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಇನ್ನೊಂದು ಸಲ ಹೀಗಾದರೆ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ, ತೂಕ ಇಳಿಯಲೇಬೇಕು. ಆದರೆ ಉಪವಾಸ ಬೀಳುವಂತಿಲ್ಲ, ಯಾರೋ ಮಾರುವ ಪುಡಿ ಕಲಸಿ ಕುಡಿಯುವಂತಿಲ್ಲ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಇನ್ನರ್ಧದಲ್ಲಿ ಕಾಳು ಮತ್ತು ಒಂದೇ ಒಂದು ಸಣ್ಣ ಮುದ್ದೆ, ದಿನವೂ ನಡಿಗೆ. ತಿಂಗಳಿಗೆ ಒಂದೆರಡು ಕೆಜಿ ಇಳಿದರೆ ಸಾಕು. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ನಿಮ್ಮ ಕಡೆ ಊಟದ ಮೇಲೆ ಊಟ, ಅದಕ್ಕೆ ಮುಂಚೆ ಈ ಅಭ್ಯಾಸ ಮೈಗೂಡಿದರೆ ನೀವು ಬಚಾವ್ ಎಂದರು.

ಇದು ಒಳಗೆ ನಡೆದ ಮಾತು. ಹೊರಗೆ ಇನ್ನೊಂದು ಮಾತುಕತೆ ಆಗಲೇ ಮುಗಿದಿತ್ತು. ಮಾವನನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದಾಗ ಅತ್ತೆ ಗೋಡೆಗೆ ತಲೆಯಿಟ್ಟು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು: ಗಂಡ ಎದ್ದು ಬಂದರೆ ಕಾರ್ತಿಕ ಸೋಮವಾರ ಅವರ ತೂಕದಷ್ಟು ಬೆಲ್ಲದ ತುಲಾಭಾರ. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕೇಳಿಸಿತ್ತು. ಒಂದೇ ಆಸ್ಪತ್ರೆಯಲ್ಲಿ, ಒಂದೇ ಮನುಷ್ಯನ ತೂಕದ ಬಗ್ಗೆ ಡಾಕ್ಟರೊಬ್ಬರು, ದೇವರೊಬ್ಬರು ಬೇರೆ ಬೇರೆ ಕರಾರು ಮಾಡಿಕೊಂಡರೆ ಏನಾಗುತ್ತದೆ ಎಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಮಾವ ಮನೆಗೆ ಬಂದವರೇ ಸರ್ಕಾರಿ ಕ್ರಮದಲ್ಲಿ ಕೆಲಸ ಶುರು ಮಾಡಿದರು. ಮೊದಲು ಮುದ್ದೆಯ ಪೋಡಿ. ಒಬ್ಬರ ಜಮೀನನ್ನು ಅಳೆದು ಭಾಗ ಮಾಡುವುದಕ್ಕೆ ಸರ್ವೆಯವರು ಪೋಡಿ ಎನ್ನುತ್ತಾರೆ. ಹಿಂದೆ ಎರಡೂವರೆ ಮುದ್ದೆ ನುಂಗುತ್ತಿದ್ದವರು ಈಗ ಒಂದು ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು, ದಾರ ಹಿಡಿದು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಒಂದು ಭಾಗವನ್ನು ಮಧ್ಯಾಹ್ನದ ಖಾತೆಗೂ ಇನ್ನೊಂದನ್ನು ರಾತ್ರಿಯ ಖಾತೆಗೂ ಹಾಕುತ್ತಿದ್ದರು. ಮಧ್ಯಾಹ್ನದ ಭಾಗ ಮುಗಿದ ಮೇಲೆ ರಾತ್ರಿಯ ಭಾಗವನ್ನು ಎಷ್ಟೋ ಹೊತ್ತು ನೋಡುತ್ತಾ ಕೂರುವರು. ಆ ನೋಟಕ್ಕೆ ಮುದ್ದೆ ತಾನಾಗಿಯೇ ಎದ್ದು ಬಾಯಿಗೆ ಬರುತ್ತದೇನೋ ಎಂದು ನನಗೆ ಭಯವಾಗುತ್ತಿತ್ತು!

ಆಮೇಲೆ ನಡಿಗೆ. ಮಾವನಿಗೆ ಕೆಲಸವಿಲ್ಲದೆ ನಡೆಯಲು ಬರುವುದಿಲ್ಲ. ಸಂಗಮದ ಕಡೆಗೆ ಕೈಬೀಸಿಕೊಂಡು ಹೋಗಿ ಬನ್ನಿ ಎಂದರೆ ಅವರು ದಾರಿಯುದ್ದಕ್ಕೂ ಗಡಿಕಲ್ಲು ಹುಡುಕುತ್ತಾ ಹೋದರು. ಕಲ್ಲು ಸಿಕ್ಕರೆ ಸಂತೋಷ, ಸಿಗದಿದ್ದರೆ ಇನ್ನೂ ಸಂತೋಷ. ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ಜಗಳವಾಡುತ್ತಿದ್ದ ಅಣ್ಣತಮ್ಮಂದಿರ ನಡುವೆ ನುಗ್ಗಿ, ಹೆಜ್ಜೆಯಲ್ಲೇ ಅಳೆದು ಪಂಚಾಯ್ತಿ ಮುಗಿಸಿದರು. ಇಬ್ಬರೂ ಒಪ್ಪಿಕೊಂಡು ಒಂದು ಗೊನೆ ರಸಬಾಳೆ ತಂದು ಮನೆಯಲ್ಲಿ ನೇತುಹಾಕಿ ಹೋದರು. ರಸಬಾಳೆ ಹಣ್ಣಾಗುವಾಗಿನ ಪರಿಮಳ ಬಲ್ಲವರಿಗೆ ಮಾವನ ಕಷ್ಟ ಅರ್ಥವಾದೀತು. ಮಾವ ಆ ವಾರವೆಲ್ಲ ಮನೆಯಲ್ಲಿ ನಿಲ್ಲಲಾರದೆ ಹೊರಗೇ ನಡೆದರು. ಡಾಕ್ಟರಮ್ಮ ಹೇಳಿದ್ದಕ್ಕಿಂತ ದುಪ್ಪಟ್ಟು ನಡಿಗೆಯಾಯಿತು.

ತೂಕ ಇಳಿಯತೊಡಗಿತು. ಇಳಿದಷ್ಟೂ ಮಾವ ಹಗುರಾಗಿ ಓಡಾಡಿದರು, ಅತ್ತೆಯ ಮುಖ ಸಣ್ಣದಾಯಿತು. ಶ್ರಾವಣದ ಹೊತ್ತಿಗೆ ಇದ್ದಕ್ಕಿದ್ದಂತೆ ಇಳಿಕೆ ನಿಂತುಹೋಯಿತು. ಅದೇ ಮುದ್ದೆ, ಅದೇ ಸೊಪ್ಪು, ಅದೇ ನಡಿಗೆ, ಆದರೆ ಯಂತ್ರದ ಮುಳ್ಳು ಮಾತ್ರ ಕದಲುವುದಿಲ್ಲ. ಮಾವ ಯಂತ್ರವನ್ನು ಬೈದು, ಅಂಗಡಿಯ ತಕ್ಕಡಿಯಲ್ಲಿ ನಿಂತು ನೋಡಿ, ಕೊನೆಗೆ ಸ್ಥಳ ತನಿಖೆಗೆಂದು ಅಡುಗೆಮನೆಗೆ ಇಳಿದರು. ಆ ದಿನ ನಾನು ಅಲ್ಲೇ ಇದ್ದೆ. ಅತ್ತೆ ಮುದ್ದೆ ಕಟ್ಟುತ್ತಿದ್ದರು. ಹಿಟ್ಟಿನ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಒಂದು ದೊಡ್ಡ ಚಮಚ ತುಪ್ಪ ಸುರಿದು, ಕತ್ತರಿಸಿದರೂ ಕಾಣದಂತೆ ಹಿಟ್ಟಿನಲ್ಲೆಲ್ಲ ನಾದಿ, ನುಣ್ಣಗೆ ತಿರುವಿಟ್ಟರು. ಹೊರಗಿನಿಂದ ನೋಡಿದರೆ ಬಡಪಾಯಿ ಮುದ್ದೆ. ಮಾವ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು.

ಜಗಳವಾಗುತ್ತದೆ ಎಂದು ನಾನು ಕಾದೆ. ಅತ್ತೆ ತಲೆಯೆತ್ತದೆ ಮೆಲ್ಲಗೆ ಹೇಳಿದರು:

"ಅವತ್ತು ಆಸ್ಪತ್ರೇಲಿ ದೇವ್ರಿಗೆ ಏಳ್ಕಂಡಿದ್ದು ಅವತ್ತಿನ್ ತೂಕ್ವ. ಈಗ ಇವ್ರು ಇಳೀತಾ ಓದ್ರೆ ದೇವ್ರಿಗೆ ಕೊಡೋದು ಕಮ್ಮಿ ಆಯ್ತದೆ. ಮಿಕ್ಕಿದ್ದ ಅವ್ನು ಯಾತರಲ್ಲಿ ವಸೂಲಿ ಮಾಡ್ಕತಾನೆ?"

ಮಾವ ಒಳಗೆ ಬಂದು, ದೇವರೇನು ತಹಸೀಲ್ದಾರನೇ ಬಾಕಿ ವಸೂಲಿ ಮಾಡಲು, ಈ ತುಪ್ಪ ತಿಂದೇ ನಾನು ಹೋದರೆ ತಕ್ಕಡಿಯಲ್ಲಿ ಯಾರನ್ನು ಕೂರಿಸುತ್ತೀಯ ಎಂದು ಕೇಳಿದರು. ಅತ್ತೆ ಚಮಚ ಕೆಳಗಿಟ್ಟು ಅತ್ತರು. ನಾನು ಬುದ್ಧಿವಂತಿಕೆ ತೋರಿಸಿದೆ. ತೂಗುವಷ್ಟು ತೂಗೋಣ, ಕಮ್ಮಿ ಬಿದ್ದಷ್ಟು ಬೆಲ್ಲವನ್ನು ಬೇರೆಯಾಗಿ ದೇವಸ್ಥಾನಕ್ಕೆ ಕೊಟ್ಟರಾಯಿತಲ್ಲ ಅತ್ತೆ ಎಂದೆ.

"ಕೈಲಿ ಕೊಟ್ರೆ ಅದು ದಾನ ಕನಮ್ಮಿ. ತಕ್ಕಡೀಲಿ ತೂಗಿದ್ರೇನೆ ಅರಕೆ."

ಅಲ್ಲಿಗೆ ನನ್ನ ಬುದ್ಧಿವಂತಿಕೆ ಮುಗಿಯಿತು. ತುಪ್ಪವೇನೋ ನಿಂತಿತು, ಅತ್ತೆ ಮಾತು ಕೊಟ್ಟರು. ಆದರೆ ತುಪ್ಪದ ಜೊತೆಗೆ ಅವರ ನಿದ್ದೆಯೂ ಹೋಯಿತು. ರಾತ್ರಿಯೆಲ್ಲ ಮಾವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾರಂತೆ. ಒಂದು ಸಲ ಮಾವನಿಗೆ ಸೀನು ಬಂದು ಇಬ್ಬರೂ ಹೆದರಿ ಎದ್ದು ಕೂತರಂತೆ. ಮಾವ ಇದನ್ನು ನಗುತ್ತಲೇ ಹೇಳಿದರು, ಆದರೆ ಪೂರ್ತಿ ನಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಒತ್ತುವರಿ ಬಹುಪಾಲು ತೆರವಾಗಿತ್ತು. ಆದರೆ ನಿಜವಾದ ಪರೀಕ್ಷೆ ಪಿತೃಪಕ್ಷ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದೆಂದರೆ ಸಾಮಾನ್ಯವೇ? ನೆಂಟರೆಲ್ಲ ಒಬ್ಬರ ಮನೆಗೊಬ್ಬರು ಹೋಗಲು ಅನುಕೂಲವಾಗಲೆಂದು ಒಂದೊಂದು ಮನೆಯವರು ಒಂದೊಂದು ದಿನ ಇಟ್ಟುಕೊಳ್ಳುತ್ತಾರೆ. ಹದಿನೈದು ದಿನ ಸತ್ತವರ ಹೆಸರಿನಲ್ಲಿ ಬದುಕಿರುವವರು ಉಣ್ಣುವುದೇ ಕೆಲಸ. ಉಣ್ಣದೆ ಎದ್ದರೆ ಮನೆಯವರಿಗಷ್ಟೇ ಅಲ್ಲ, ಅವರ ತಾತ ಮುತ್ತಾತಂದಿರಿಗೂ ಅವಮಾನ.

ಹೆಡತಲೆಯ ನೆಂಟರ ಮನೆಗೆ ಮಾವನ ಜೊತೆ ನಾನೂ ಹೋಗಿದ್ದೆ. ಎಲೆಯ ಮುಂದೆ ಕೂತ ಮಾವ ಉಪ್ಪಿನಿಂದ ಎಲೆಯ ಮೇಲೆ ಗಡಿಗೆರೆ ಎಳೆದು ಹದ್ದುಬಸ್ತು ಮಾಡಿಕೊಂಡರು. ಈ ಕಡೆ ಕೋಸಂಬರಿ ಪಲ್ಯ, ಆ ಮೂಲೆಯಲ್ಲಿ ಒಂದೇ ಚೂರು ಬಾಡು, ಅನ್ನಕ್ಕೆ ಒಂದು ಅಂಗೈಯಷ್ಟು ಜಾಗ. ಬಡಿಸುವವರು ಬಿಡುತ್ತಾರೆಯೇ? ಒಬ್ಬಾತ ಗಡಿ ದಾಟಿಸಿ ಎರಡು ಸೌಟು ಬಾಡು ಸುರಿದೇಬಿಟ್ಟ. ಮಾವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, ಈ ಎಲೆಯಲ್ಲಿ ಒತ್ತುವರಿಯಾಗಿದೆ, ಇದನ್ನು ಬಡಿಸಿದವನೇ ತೆರವು ಮಾಡತಕ್ಕದ್ದು ಎಂದು ಘೋಷಿಸಿದರು. ಸಾಲಿಗೆ ಸಾಲೇ ನಕ್ಕಿತು. ಆ ಬಡಪಾಯಿ ಪಕ್ಕದಲ್ಲೇ ಕೂತು ಅಷ್ಟನ್ನೂ ತಾನೇ ಉಂಡ. ಅಂದಿನಿಂದ ಎಲ್ಲ ಮನೆಗಳಲ್ಲೂ ಮಾವನ ಎಲೆಯ ಹತ್ತಿರ ಬಡಿಸುವವರು ಭಯಭಕ್ತಿಯಿಂದ ನಡೆದುಕೊಂಡರು.

ದಸರಾ ಹೋಯಿತು, ದೀಪಾವಳಿ ಹೋಯಿತು. ಡಾಕ್ಟರಮ್ಮ ಮಾವನನ್ನು ನೋಡಿ, ಹನ್ನೊಂದು ಕೆಜಿ ಇಳಿದಿದ್ದೀರಿ, ಹೀಗೇ ಇರಿ ಎಂದು ಬೆನ್ನು ತಟ್ಟಿದರು. ಪಕ್ಕದಲ್ಲಿದ್ದ ಅತ್ತೆ, ಹನ್ನೊಂದಾ, ಎಂದು ಮಾತ್ರ ಕೇಳಿದರು.

ಕಾರ್ತಿಕ ಸೋಮವಾರಕ್ಕೆ ಇಬ್ಬರೂ ಹಿಂದಿನ ದಿನವೇ ನಂಜನಗೂಡಿನ ನಮ್ಮ ಮನೆಗೆ ಬಂದರು. ಅತ್ತೆ ತಂದಿದ್ದ ಬೆಲ್ಲ ಆಸ್ಪತ್ರೆಯ ದಿನದ ತೂಕಕ್ಕೆ ಸರಿಯಾಗಿತ್ತು, ಒಂದಚ್ಚು ಕಮ್ಮಿ ಇಲ್ಲ. ಉಳಿದುಹೋಗುತ್ತದೆ ಎಂದು ಗೊತ್ತಿದ್ದೂ ತಂದಿದ್ದರು. ಬೆಳಿಗ್ಗೆ ಹೊರಡುವಾಗ ಮಾವ ಬಾಯಿ ಕಟ್ಟಿದ ಒಂದು ಗೋಣಿಚೀಲವನ್ನು ನನಗೆ ಹೊರಿಸಿ, ಪೂಜೆಯ ಕಾಯಿ, ಜೋಪಾನ ಎಂದರು. ಎಷ್ಟು ಕಾಯಿ ಒಡೆಯುತ್ತೀರಿ ಮಾವ ಎಂದು ಗೊಣಗುತ್ತಾ, ಸೊಂಟ ಮುರಿಯುವ ಭಾರ ಹೊತ್ತು ಹೋದೆ.

ದೇವಸ್ಥಾನದಲ್ಲಿ ಮಾವ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಪಂಚೆಯ ಮೇಲೆ ಅಗಲವಾದ ಶಲ್ಯ ಹೊದ್ದಿದ್ದರು. ಅತ್ತೆ ಆ ಕಡೆ ಬಗ್ಗಿ ಬೆಲ್ಲದ ಅಚ್ಚುಗಳನ್ನು ಎಣಿಸಿಕೊಡುತ್ತಿದ್ದರು. ಮಾವ ನನಗೆ ಕಣ್ಸನ್ನೆ ಮಾಡಿ ಚೀಲವನ್ನು ಮಡಿಲಿಗೆ ಇಡು ಎಂದರು. ಇಡುವಾಗ ಚೀಲದ ಬಾಯಿ ಸಡಿಲವಾಯಿತು. ಒಳಗೆ ಎರಡು ತೆಂಗಿನಕಾಯಿ. ಅವುಗಳ ಕೆಳಗೆ, ಮಿಕ್ಸಿ ಬಂದ ಮೇಲೆ ನಮ್ಮ ಹಿತ್ತಲಲ್ಲಿ ಬಿದ್ದುಕೊಂಡಿದ್ದ ನಮ್ಮದೇ ರುಬ್ಬುಗುಂಡು! ಮಾವ ತಟ್ಟನೆ ಅದರ ಮೇಲೆ ಶಲ್ಯ ಎಳೆದುಕೊಂಡರು. ಇಳಿದಿದ್ದ ಹನ್ನೊಂದು ಕೆಜಿ ಹಳೆಯ ಹೊಟ್ಟೆ ಇದ್ದ ಜಾಗಕ್ಕೇ ಬಂದು ಕೂತಿತ್ತು.

ಬೆಲ್ಲ ಏರುತ್ತಾ ಹೋಯಿತು. ಅತ್ತೆ ಪ್ರತಿ ಅಚ್ಚು ಇಡುವಾಗಲೂ ಇನ್ನೇನು ತಕ್ಕಡಿ ಸಮವಾಗಿ ಮಿಕ್ಕದ್ದು ಉಳಿಯುತ್ತದೆ ಎಂದು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಉಳಿಯಲಿಲ್ಲ. ಕಡೆಯ ಅಚ್ಚು ಇಟ್ಟಾಗ ಎರಡು ತಟ್ಟೆಗಳೂ ನೆಲ ಬಿಟ್ಟು ಸಮನಾಗಿ ನಿಂತವು. ಅತ್ತೆ ಬರಿದಾದ ಚೀಲವನ್ನು ಕೊಡವಿ ನೋಡಿದರು. ಆಮೇಲೆ ಗರ್ಭಗುಡಿಯ ಕಡೆ ತಿರುಗಿ ಕೈಮುಗಿದು, ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತುಬಿಟ್ಟರು.

ತಟ್ಟೆಯಿಂದ ಇಳಿಸಲು ಕೈ ನೀಡಿದಾಗ ಮಾವ ನನ್ನ ಕಿವಿಯ ಹತ್ತಿರ ಹೇಳಿದರು:

"ಸರ್ವೀಸು ಪೂರ್ತಿ ಒಂದ್ ಗೇಣು ಸುಳ್ಳು ಅಳ್ದೋನಲ್ಲ ಕನಮ್ಮಿ. ಇವತ್ತು ಅಳ್ದೆ. ಅವ್ಳು ನಿದ್ದೆ ಮಾಡ್ಬೇಕಲ್ಲ."

ಸಂಜೆ ನರಸೀಪುರದ ಬಸ್ಸು ಹತ್ತಿಸಲು ಹೋದೆ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ಜನ ಹತ್ತುತ್ತಿದ್ದರು, ಸೀಟಿಗಾಗಿ ಕೂಗಾಟ ನಡೆದಿತ್ತು. ಹೋಗಿ ಬನ್ನಿ ಅತ್ತೆ ಎನ್ನೋಣವೆಂದು ಕಿಟಕಿಯ ಹತ್ತಿರ ಹೋದರೆ, ಅತ್ತೆ ಮಾವನ ಹೆಗಲಿಗೆ ತಲೆಯಿಟ್ಟು, ಬಾಯಿ ಅರೆ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಮಾವ ಅಲುಗಾಡದೆ ಕೂತಿದ್ದರು. ನನ್ನನ್ನು ನೋಡಿ, ಕೂಗಬೇಡ ಎಂದು ತುಟಿಯ ಮೇಲೆ ಬೆರಳಿಟ್ಟರು. ನನಗೆ ಅಳು ಬಂತು. ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದೆ.