ಒಂದು ಕೂ ಹಾಕಿ ನೋಡಿದರೆ

ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವವರೆಲ್ಲ ಬುದ್ಧಿವಂತರೆಂದು ನಾನು ಬಹುಕಾಲ ನಂಬಿದ್ದೆ. ಶಾಲೆಯಲ್ಲಿ ಮಾಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದವನು ನಾನು. ಉತ್ತರ ತಪ್ಪಾಗಿರುತ್ತಿತ್ತು, ತಡವಾಗಿರುತ್ತಿರಲಿಲ್ಲ. ಈ ಗುಣವನ್ನು ಪುತ್ತೂರಿನ ಒಂದು ಆಸ್ಪತ್ರೆಯ ಕಂಪ್ಯೂಟರಿಗೂ ಅಂಟಿಸಿದೆನೆಂದು ಈಗ ಒಪ್ಪಿಕೊಳ್ಳಬೇಕು.

ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಇವತ್ತು ಯಾವ ಡಾಕ್ಟ್ರು ಇದ್ದಾರೆಂದು ಮೊಬೈಲಿನಲ್ಲೇ ತಿಳಿಯುವ ವ್ಯವಸ್ಥೆ ಮಾಡಿದ್ದೆ. ಸುಳ್ಯ, ಕಡಬದ ಕಡೆಯವರು ಅದನ್ನು ನೋಡಿಯೇ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೇಳುವಾಗ ಸರ್ವರ್ ಏದುಸಿರು ಬಿಡುತ್ತಿತ್ತು. ಅದಕ್ಕೆ ಕ್ಯಾಶಿಂಗ್ ಹಾಕಿದೆ. ಎಂದರೆ, ಮೊದಲು ಕೇಳಿದವರಿಗೆ ಕೊಟ್ಟ ಉತ್ತರವನ್ನು ತೆಗೆದಿಟ್ಟು ಆಮೇಲೆ ಬಂದವರಿಗೂ ಅದನ್ನೇ ಕೊಡುವುದು. ಬೆಳಗಿನ ಉಪ್ಪಿಟ್ಟನ್ನು ಹತ್ತು ಗಂಟೆಯ ನೆಂಟರಿಗೂ ಬಡಿಸಿದ ಹಾಗೆ. ಆರು ಗಂಟೆ ಕಾಲ ಹಳಸುವುದಿಲ್ಲವೆಂದು ನಾನೇ ತೀರ್ಮಾನಿಸಿದೆ. ಪರೀಕ್ಷೆಯನ್ನೂ ಮಾಡಿದೆ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿದೆ, ಇಪ್ಪತ್ತು ಸಲವೂ ಮಿಂಚಿನಂತೆ ಉತ್ತರ ಬಂತು. ನಡುವೆ ಉತ್ತರವೇ ಬದಲಾದರೆ ಏನಾಗುತ್ತದೆಂದು ಒಮ್ಮೆಯೂ ನೋಡಲಿಲ್ಲ.

ಅದನ್ನು ನೋಡಿದವರು ಪಂಜದ ದೇವಕಿಯಮ್ಮ. ಕಣ್ಣಿನ ಆಪರೇಷನ್ ಆಗಿ ವಾರ ಕಳೆದಿತ್ತು. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅವತ್ತು ನಮ್ಮ ಕಣ್ಣಿನ ಡಾಕ್ಟ್ರು ಜ್ವರವೆಂದು ಬೆಳಿಗ್ಗೆ ಆರೂವರೆಗೇ ರಜೆ ಹಾಕಿದ್ದರು. ಏಳು ಗಂಟೆಗೆ ದೇವಕಿಯಮ್ಮ ನೋಡಿದಾಗ ನನ್ನ ವ್ಯವಸ್ಥೆ ಆರು ಗಂಟೆಯ ಉತ್ತರವನ್ನೇ ಬಡಿಸಿತು. ಎರಡು ಬಸ್ಸು ಬದಲಿಸಿ ಬಂದವರನ್ನು ನನ್ನ ಕಿರುಗುಟ್ಟುವ ಕುರ್ಚಿಯಲ್ಲಿ ಕೂರಿಸಿದೆ.

"ಡಾಕ್ಟ್ರು ಇದ್ದಾರೆ ಅಂತ ಇದ್ರಲ್ಲಿ ಈಗಲೂ ಉಂಟಲ್ಲ ಮಾರಾಯ್ರೆ?" ಎಂದು ಮೊಬೈಲು ಚಾಚಿದರು.

ನಾಚಿಕೆಯಿಂದ ಕುಗ್ಗಿಹೋದೆ. ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪೇಟೆಯ ಇನ್ನೊಬ್ಬ ಕಣ್ಣಿನ ಡಾಕ್ಟ್ರಲ್ಲಿಗೆ ಹೋದೆ. "ಇವತ್ತೇ ಬಂದದ್ದು ಒಳ್ಳೆದಾಯ್ತು. ಎರಡು ದಿನ ಬಿಟ್ಟಿದ್ರೆ ಕಣ್ಣಿಗೇ ಕಷ್ಟ ಇತ್ತು" ಎಂದರು ಅವರು. ಹೊರಗೆ ಬಂದು ದೇವಕಿಯಮ್ಮನಲ್ಲಿ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ.

ಅವರು ಬಯ್ಯಲಿಲ್ಲ. "ನಮ್ಮಲ್ಲಿಗೆ ಯಾರಾದ್ರೂ ಫೋನು ಮಾಡಿ ಯಜಮಾನ್ರು ಇದ್ದಾರಾ ಅಂತ ಕೇಳಿದ್ರೆ ನಾನು ಸುಮ್ಮನೆ ಹೂಂ ಅನ್ನುದಿಲ್ಲ. ಅಂಗಳದ ಬದಿಗೆ ಹೋಗಿ ರಬ್ಬರ್ ತೋಟಕ್ಕೆ ಒಂದು ಕೂ ಹಾಕುದು. ಆಚೆಯಿಂದ ಓ ಅಂತ ಬಂದ್ರೆ ಇದ್ದಾರೆ. ಒಂದು ಕೂ ಹಾಕಿದ್ರೆ ಬಾಯಿ ಎಂತ ಸವೆಯುದಿಲ್ಲ."

ಕ್ಯಾಶಿಂಗ್ ಬಗ್ಗೆ ಇರುವ ಪುಸ್ತಕದಲ್ಲಿ ನಾನು ಓದದೆ ಹಾರಿಸಿದ್ದ ಪುಟಗಳಲ್ಲಿ ಇದ್ದದ್ದೂ ಇದೇ! ಈಗ ನಮ್ಮ ವ್ಯವಸ್ಥೆ ತೆಗೆದಿಟ್ಟ ಉತ್ತರ ಕೊಡುವ ಮೊದಲು ಒಳಗೆ ಒಂದು ಕೂ ಹಾಕುತ್ತದೆ: ಏನಾದರೂ ಬದಲಾಗಿದೆಯೇ? ಇಲ್ಲವೆಂದರೆ ಹಳೆಯದು, ಹೌದೆಂದರೆ ಹೊಸದು. ಇಷ್ಟಕ್ಕೆಲ್ಲ ಸರ್ವರ್ ಏದುಸಿರು ಬಿಡುವುದಿಲ್ಲ. ಪರೀಕ್ಷೆಯೂ ಈ ಸಲ ಸರಿಯಾಗಿ ನಡೆಯಿತು. ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಹೃದಯದ ಡಾಕ್ಟ್ರು ಒಂದೇ ಮಧ್ಯಾಹ್ನ ಒಂಬತ್ತು ಸಲ ರಜೆ ಹೋಗಿ ಬಂದರು.

ನನಗೆ ಕಲಿಸಿದವರು ಅನೇಕರು. ಉರಿಯುವ ಕಣ್ಣು ಒರೆಸಿಕೊಳ್ಳುತ್ತ, ಒಂದು ಗದರಿಕೆಯೂ ಇಲ್ಲದೆ ಕಲಿಸಿದವರು ದೇವಕಿಯಮ್ಮ ಒಬ್ಬರೇ. ಆ ಕಣ್ಣು ವಾಸಿಯಾದ ದಿನ ಅವರು ನನಗೆ ಉಪಕಾರವಾಯಿತೆಂದು ಹೇಳಿದರು. ಹೇಳಬೇಕಾದವನು ನಾನಾಗಿದ್ದೆ.

ಈಗಲೂ ಅವರು ಬಸ್ಸು ಹತ್ತುವ ಮೊದಲು ಮೊಬೈಲು ನೋಡುತ್ತಾರೆ, ನೋಡಿ ನನಗೂ ಫೋನು ಮಾಡುತ್ತಾರೆ. ಮೊನ್ನೆಯೂ ಮಾಡಿದರು.

"ಡಾಕ್ಟ್ರು ಇದ್ದಾರಾ?"

"ಇದ್ದಾರಮ್ಮ, ಬನ್ನಿ" ಎಂದೆ ತಟ್ಟನೆ.

ಅವರು ಕೇಳಿದರು: "ಅಲ್ಲ ಮಾರಾಯ್ರೆ, ನಿಮ್ಮ ಕುರ್ಚಿ ಕಿರ್ ಅಂದದ್ದು ಕೇಳ್ಲೇ ಇಲ್ಲ?"

ಫೋನು ಮೇಜಿನ ಮೇಲಿಟ್ಟು, ಡಾಕ್ಟ್ರ ಕೋಣೆ ನೋಡಿ ಬರಲು, ಅವರಿಗೆ ಚೆನ್ನಾಗಿ ಕೇಳುವ ಹಾಗೆ ಎದ್ದೆ.